ಬ್ರಿಯೋಶೋ, ಪೊಟ್ಯಾಟೊ ಬನ್ನೋ? ಮೊದಲು ಪ್ಯಾಟಿ ಯಾವುದು ಹೇಳಿ

ಪ್ರಶ್ನೆ: ನಾವು ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇವೆ. ಶನಿವಾರ ಬಂತೆಂದರೆ ಮಕ್ಕಳಿಗೆ ಬರ್ಗರ್ ಆಗಬೇಕು. ನಮ್ಮ ಯಜಮಾನರಿಗೆ ಬ್ರಿಯೋಶ್ ಬನ್ನೇ ಬೇಕು. ದುಡ್ಡು ಜಾಸ್ತಿ ಅಂದಮೇಲೆ ಒಳ್ಳೆಯದೇ ಇರಬೇಕು ಅನ್ನುವುದು ಅವರ ವಾದ. ಹೈಸ್ಕೂಲಿನ ಮಗನಿಗೆ ಪೊಟ್ಯಾಟೊ ಬನ್, ಟರ್ಕಿ ಕೋಳಿಯ ಪ್ಯಾಟಿ (ಬನ್ನಿನೊಳಗಿಡುವ ಬಿಲ್ಲೆ), ಚೀಸ್, ಪಿಕಲ್ (ಹುಳಿಯಲ್ಲಿ ನೆನೆದ ಸೌತೆಕಾಯಿ) ಬಿಟ್ಟರೆ ಇನ್ನೇನೂ ಇರಕೂಡದು. ಹೊರಗೆ ಏನು ತಿನ್ನುತ್ತಾನೆ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಮಗಳು ಫ್ರಿಜ್‌ನಲ್ಲಿರುವುದನ್ನೆಲ್ಲ ಬನ್ನಿನೊಳಗೆ ತುಂಬುತ್ತಾಳೆ. ಈಗ ತುಮಕೂರಿನಿಂದ ಅತ್ತೆ ಬಂದಿದ್ದಾರೆ, ಮೊಟ್ಟೆಯನ್ನೂ ಮುಟ್ಟದವರು. ಅವರಿಗೆ ಆಲೂಗಡ್ಡೆ ಪ್ಯಾಟಿ ಮಾಡಿಕೊಟ್ಟರೆ, ಕಚ್ಚಿದ ಕೂಡಲೇ ಒಳಗಿರುವುದೆಲ್ಲ ಹಿಂದಿನಿಂದ ಹೊರಗೆ ಬರುತ್ತದೆ, ಕೆಳಗಿನ ಬನ್ ಒದ್ದೆಯಾಗಿ ಕಿತ್ತುಹೋಗುತ್ತದೆ. "ಸಿಹಿ ಬನ್ನಿಗೆ ಖಾರದ ಪಲ್ಯ ಯಾಕಮ್ಮಾ ಹಾಕ್ತೀಯ" ಅಂತ ಕೇಳುತ್ತಾರೆ. ಯಾವ ಬನ್ ಸರಿ? ಒಳಗೆ ಹಾಕುವುದಕ್ಕೆ ಒಂದು ಕ್ರಮ ಅಂತ ಇದೆಯೇ, ಇಲ್ಲ ಅವರವರ ಇಷ್ಟವೇ? ಉಳಿದ ಬನ್ ಫ್ರಿಜ್‌ನಲ್ಲಿಟ್ಟರೆ ಒಣಗಿ ಗಟ್ಟಿಯಾಗುವುದು ಯಾಕೆ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಪ್ರಶ್ನೆ. ನಿಮ್ಮ ಮನೆಯಲ್ಲಿ ಸರಿಯಾದ ಜಾಗಕ್ಕೆ ಬೆರಳಿಟ್ಟವರು ಅವರೊಬ್ಬರೇ. ಸಿಹಿ ಬನ್ನಿಗೂ ಖಾರಕ್ಕೂ ಹಾಗೆ ನೋಡಿದರೆ ಜಗಳವಿಲ್ಲ. ನಮ್ಮ ಅಯ್ಯಂಗಾರ್ ಬೇಕರಿಯ ಖಾರಾ ಬನ್ನಿನ ಹಿಟ್ಟಿಗೂ ಒಂದಿಷ್ಟು ಸಕ್ಕರೆ ಬಿದ್ದಿರುತ್ತದೆ. ಆದರೆ ಅಲ್ಲಿ ಸಕ್ಕರೆ ಹಿಂದೆ ಸರಿದು ಈರುಳ್ಳಿ, ಹಸಿಮೆಣಸಿನಕಾಯಿಗೆ ದಾರಿ ಬಿಡುತ್ತದೆ. ಅಂಗಡಿಯ ಬ್ರಿಯೋಶ್‌ನಲ್ಲಿ ಸಿಹಿಯೇ ಮುಂದೆ ಬಂದು ನಿಲ್ಲುತ್ತದೆ. ಒಳಗಿನ ಆಲೂಗಡ್ಡೆಗೂ ಸಣ್ಣಗೆ ಒಂದು ಸಿಹಿ ಇದೆ. ಅದರ ಮೇಲೆ ಕೆಚಪ್ ಸುರಿದರೆ ಅದೂ ಸಿಹಿ. ಅವರ ನಾಲಿಗೆ ಹೇಳಿದ್ದು ಸರಿಯಾಗಿಯೇ ಇದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಬ್ರಿಯೋಶ್ ಅಂದರೆ ಬೆಣ್ಣೆಯ ಜೊತೆ ಮೊಟ್ಟೆ ಹಾಕಿ ನಾದಿದ ಹಿಟ್ಟು. ಬನ್ನಿನ ನೆತ್ತಿಯ ಮೇಲೆ ಕಾಣುವ ಮಿರುಗು ಕೂಡ ಬಹುತೇಕ ಮೊಟ್ಟೆ ಸವರಿದ್ದರಿಂದ ಬಂದದ್ದು. ನೀವು ಇಷ್ಟು ದಿನ ಅವರಿಗೆ ಯಾವುದು ಕೊಟ್ಟಿರಿ ಅಂತ ನಾನು ಕೇಳುವುದಿಲ್ಲ, ನೀವೂ ಹೇಳಲು ಹೋಗಬೇಡಿ. ಇನ್ನು ಮುಂದೆ ಪೊಟ್ಟಣ ತಿರುಗಿಸಿ ಓದಿ. ಅಮೆರಿಕದಲ್ಲಿ ಮೊಟ್ಟೆ ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿದೆ, ಹಾಗಾಗಿ ಹಾಕಿದ್ದರೆ ಲೇಬಲ್ಲಿನ ಮೇಲೆ ಹೇಳಲೇಬೇಕು. ಪೊಟ್ಯಾಟೊ ಬನ್ನುಗಳಲ್ಲೂ ಮೊಟ್ಟೆ ಇರುವಂಥವು, ಇಲ್ಲದಂಥವು ಎರಡೂ ಬರುತ್ತವೆ. ಅವುಗಳ ಹಳದಿ ಬಣ್ಣ ನೋಡಿ ಮೊಟ್ಟೆ ಅಂದುಕೊಳ್ಳಬೇಡಿ. ಕೆಲವಕ್ಕೆ ಆ ಬಣ್ಣ ಬರುವುದು ನಮ್ಮ ಅರಿಶಿನದಿಂದಲೇ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಇದು ಇಷ್ಟದ ವಿಷಯವೋ ಕ್ರಮದ ವಿಷಯವೋ ಅಂತ. ಪ್ಯಾಟಿಯ ಜೊತೆ ಹಾಕುವ ಟಾಪಿಂಗ್ ಇಷ್ಟದ ವಿಷಯ. ಬನ್ ಹಾಗಲ್ಲ. ಬನ್ನನ್ನು ಆರಿಸುವುದು ಪ್ಯಾಟಿ, ತಿನ್ನುವವರಲ್ಲ. ಮನೆಗಳಲ್ಲಿ ಬರ್ಗರ್ ಕೆಡುವುದಕ್ಕೆ ಕಾರಣ ಹೆಚ್ಚಾಗಿ ಇದೇ: ಮೊದಲು ಬನ್ ತಂದಿಟ್ಟುಕೊಂಡು ಆಮೇಲೆ ಒಳಗೇನು ಅಂತ ಯೋಚಿಸುತ್ತಾರೆ.

ಹೋಳಿಗೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಕ ಗಟ್ಟಿಯಾಗಿ ಹೂರಣ ಮೆತ್ತಗಿದ್ದರೆ ಲಟ್ಟಿಸುವಾಗ ಹೂರಣ ಪಕ್ಕದಿಂದ ಕಿತ್ತುಕೊಂಡು ಬರುತ್ತದೆ. ಎರಡರ ಹದವೂ ಒಂದೇ ಇದ್ದರೆ ಒಟ್ಟಿಗೆ ಹರಡುತ್ತವೆ. ಬರ್ಗರಿನಲ್ಲಿ ಲಟ್ಟಣಿಗೆಯ ಕೆಲಸ ಹಲ್ಲಿನದು. ಮೇಲಿನ ಹಲ್ಲು, ಕೆಳಗಿನ ಹಲ್ಲು ಬನ್ನನ್ನು ಒತ್ತುತ್ತವೆ. ಬನ್ ನಾರುನಾರಾಗಿದ್ದು ಕತ್ತರಿಸಿಕೊಳ್ಳಲು ತಡಮಾಡಿದರೆ ಆ ಒತ್ತಡವೆಲ್ಲ ಒಳಗಿನ ಪ್ಯಾಟಿಯ ಮೇಲೆ ಬೀಳುತ್ತದೆ. ಮಾಂಸದ ಪ್ಯಾಟಿಗೆ ಅದನ್ನು ತಡೆಯುವಷ್ಟು ಬಿಗುವಿದೆ. ಆಲೂಗಡ್ಡೆಗೆ ಇಲ್ಲ. ಅದು ಹಿಂದಕ್ಕೆ ಜಾರುತ್ತದೆ, ಜಾರುವಾಗ ಟೊಮ್ಯಾಟೊ, ಸಾಸು ಎಲ್ಲವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕೈ ಹಿಡಿತ ಬಿಗಿ ಮಾಡಿದಷ್ಟೂ ಬೇಗ ಹೋಗುತ್ತದೆ. ಹಾಗಾಗಿ ನಿಯಮ ಒಂದೇ: ಪ್ಯಾಟಿ ಎಷ್ಟು ಮೆದುವೋ, ಬನ್ ಅದಕ್ಕಿಂತ ಸುಲಭವಾಗಿ ಕಚ್ಚಲು ಬರಬೇಕು.

ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಪೊಟ್ಟಣದ ಮೇಲಿನಿಂದ ಬನ್ನನ್ನು ಹೆಬ್ಬೆರಳಿನಿಂದ ಅರ್ಧದಷ್ಟು ಒತ್ತಿ ಬಿಡಿ. ನಿಧಾನವಾಗಿ ಮೇಲೆದ್ದು ಮೊದಲಿನಂತೆ ನಿಂತರೆ ಒಳ್ಳೆಯ ಬನ್. ಪಟ್ಟನೆ ಚಿಮ್ಮಿದರೆ ಅದು ಜಗಿಯಬೇಕಾದ ಬನ್. ಮಾಂಸಕ್ಕೆ ಸರಿ, ಆಲೂಗಡ್ಡೆಗೆ ಬೇಡ. ಒತ್ತಿದ ಗುಂಡಿ ಹಾಗೇ ಉಳಿದರೆ ಅದು ಯಾವುದಕ್ಕೂ ಬೇಡ. ಪೊಟ್ಯಾಟೊ ಬನ್ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುತ್ತದೆ. ಅದರ ಹಿಟ್ಟಿನಲ್ಲಿರುವ ಆಲೂಗಡ್ಡೆಯ ಪಿಷ್ಟ ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಮೈದಾದ ಅಂಟಿನ ಬಲೆಯನ್ನು ಅಲ್ಲಲ್ಲಿ ಸಡಿಲಿಸುತ್ತದೆ. ಅದಕ್ಕೇ ಅದು ಮೆದು, ಆದರೆ ಪುಡಿಯಾಗುವುದಿಲ್ಲ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲಿ 2004ರಲ್ಲಿ ಶುರುವಾದ ಶೇಕ್ ಶಾಕ್ ಅನ್ನುವ ಬರ್ಗರ್ ಅಂಗಡಿ ಪೊಟ್ಯಾಟೊ ಬನ್ನನ್ನೇ ನೆಚ್ಚಿಕೊಂಡದ್ದು. ನಿಮ್ಮ ಮಗನ ಆಯ್ಕೆಗೆ ಅಂಥ ಬೆಂಬಲ ಇದೆ.

ನಿಮ್ಮ ಯಜಮಾನರ ವಾದ ಅರ್ಧ ಸರಿ. ದಪ್ಪ, ರಸಭರಿತ, ಉಪ್ಪು ಮುಂದಾಗಿರುವ ಮಾಂಸದ ಪ್ಯಾಟಿಗೆ ಬ್ರಿಯೋಶ್‌ನ ಬೆಣ್ಣೆ ಚೆನ್ನಾಗಿ ಹೊಂದುತ್ತದೆ. ತೆಳ್ಳಗಿನ ಟರ್ಕಿ ಪ್ಯಾಟಿ ಇಟ್ಟರೆ ಬನ್ ತಿಂದಂತೆ ಆಗುತ್ತದೆಯೇ ಹೊರತು ಬರ್ಗರ್ ತಿಂದಂತೆ ಅಲ್ಲ. ಅದೂ ಅಲ್ಲದೆ ಬ್ರಿಯೋಶ್ ಅಂತ ಹೆಸರಿಟ್ಟುಕೊಂಡ ಬನ್ನುಗಳೆಲ್ಲದರಲ್ಲೂ ಬೆಣ್ಣೆ ಇರಬೇಕಾದಷ್ಟು ಇರುವುದಿಲ್ಲ. ಪದಾರ್ಥಗಳ ಪಟ್ಟಿ ಬರೆಯುವುದು ತೂಕದ ಇಳಿಕೆ ಕ್ರಮದಲ್ಲಿ. ಸಕ್ಕರೆ ಎರಡನೆಯದೋ ಮೂರನೆಯದೋ ಆಗಿ, ಬೆಣ್ಣೆ ಎಲ್ಲೋ ಕೆಳಗಿದ್ದರೆ ನೀವು ದುಡ್ಡು ಕೊಟ್ಟದ್ದು ಬಣ್ಣಕ್ಕೆ.

ಬನ್ನಿನ ವಿಷಯದಲ್ಲಿ ಅಮೆರಿಕದವರೇ ಒಂದು ಮಾತಿಗೆ ಬಂದಿಲ್ಲ ಅನ್ನುವುದು ನಿಮಗೆ ಸಮಾಧಾನ ಕೊಡಬಹುದು. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಲೂಯಿಸ್ ಲಂಚ್ ಅನ್ನುವ ಸಣ್ಣ ಹೋಟೆಲಿದೆ. 1900ರಿಂದ ಹ್ಯಾಂಬರ್ಗರ್ ಮಾಡುತ್ತಿದ್ದೇವೆ ಅನ್ನುವವರು ಅವರು. ಅಲ್ಲಿ ಬನ್ನೇ ಇಲ್ಲ, ಟೋಸ್ಟ್ ಮಾಡಿದ ಎರಡು ಬಿಳಿ ಬ್ರೆಡ್ಡಿನ ತುಂಡು. ಚೀಸ್, ಟೊಮ್ಯಾಟೊ, ಈರುಳ್ಳಿ ಮೂರರಲ್ಲಿ ಆರಿಸಿಕೊಳ್ಳಬಹುದು. ಕೆಚಪ್ಪೂ ಇಲ್ಲ, ಸಾಸಿವೆಯೂ (ಮಸ್ಟರ್ಡ್ ಸಾಸು) ಇಲ್ಲ, ಮೇಯೊನೀಸೂ ಇಲ್ಲ. ಕ್ಯಾನ್ಸಾಸ್‌ನ ವಿಚಿಟಾದಲ್ಲಿ 1921ರಲ್ಲಿ ಶುರುವಾದ ವೈಟ್ ಕ್ಯಾಸಲ್ ಇದಕ್ಕೆ ತದ್ವಿರುದ್ಧ. ಬಿಸಿ ಕಾವಲಿಯ ಮೇಲೆ ಈರುಳ್ಳಿ ಹರಡಿ, ಅದರ ಮೇಲೆ ಐದು ತೂತಿರುವ ಚೌಕಾಕಾರದ ಪುಟ್ಟ ಪ್ಯಾಟಿ ಇಟ್ಟು, ಅದರ ಮೇಲೆಯೇ ಬನ್ ಇಡುತ್ತಾರೆ. ಪ್ಯಾಟಿಯನ್ನು ತಿರುವಿಹಾಕುವುದೂ ಇಲ್ಲ. ಈರುಳ್ಳಿಯ ಹಬೆಯಲ್ಲೇ ಪ್ಯಾಟಿ ಬೇಯುತ್ತದೆ, ಬನ್ನೂ ಇಡ್ಲಿಯಂತೆ ಮೆತ್ತಗಾಗುತ್ತದೆ. ಗರಿಗರಿ ಅನ್ನುವುದು ಅಲ್ಲಿ ಗುಣವೇ ಅಲ್ಲ. ಒಕ್ಲಹೋಮದ ಎಲ್ ರೀನೋ ಊರಿನಲ್ಲಿ 1920ರ ದಶಕದಿಂದ ಈರುಳ್ಳಿಯನ್ನು ಎಳೆ ಎಳೆಯಾಗಿ ಹೆಚ್ಚಿ ಮಾಂಸದ ಉಂಡೆಯೊಳಕ್ಕೇ ಒತ್ತಿ ಬೇಯಿಸುತ್ತಾರೆ. ಮಾಂಸ ದುಬಾರಿ, ಈರುಳ್ಳಿ ಅಗ್ಗ ಅನ್ನುವ ಲೆಕ್ಕದಿಂದ ಹುಟ್ಟಿದ್ದು ಈಗ ಆ ಊರಿನ ಹೆಮ್ಮೆ.

ನಿಮ್ಮ ಟೆಕ್ಸಸ್‌ನದ್ದೇ ಬೇಕೆಂದರೆ ವಾಟಬರ್ಗರ್ ಇದೆ, 1950ರಲ್ಲಿ ಕಾರ್ಪಸ್ ಕ್ರಿಸ್ಟಿಯಲ್ಲಿ ಶುರುವಾದದ್ದು. ಎರಡೂ ಕೈಯಲ್ಲಿ ಹಿಡಿಯಬೇಕಾದ ಬರ್ಗರ್ ಮಾಡಬೇಕು ಅನ್ನುವುದು ಹುಟ್ಟುಹಾಕಿದವರ ಹಟ, ಅದಕ್ಕೆ 5 ಇಂಚಿನ ಬನ್. ಒಂದು ಸಲ ಹೋಗಿ ಆ ಬನ್ನನ್ನು ಬಿಡಿಸಿ ನೋಡಿ. ಒಳಮೈ ಟೋಸ್ಟ್ ಆಗಿರುತ್ತದೆ, ಮೇಲೆ ಸವರಿರುವುದು ಕೆಚಪ್ ಅಲ್ಲ, ಸಾಸಿವೆ. ಸಾಸಿವೆಗೆ ಹುಳಿ ಇದೆ, ಸಿಹಿ ಇಲ್ಲ. ಅತ್ತೆಯವರ ದೂರಿಗೆ ಅರ್ಧ ಪರಿಹಾರ ಆ ಹಳದಿ ಶೀಶೆಯಲ್ಲೇ ಇದೆ.

ಟಾಪಿಂಗ್ ವಿಷಯದಲ್ಲಿ 'ಇದೇ ಸರಿ' ಅನ್ನುವುದು ರುಚಿಯಿಂದ ಬಂದದ್ದಲ್ಲ, ಅವಸರದಿಂದ ಬಂದದ್ದು. ಸ್ಯಾನ್ ಬರ್ನಾಡಿನೋದಲ್ಲಿ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು 1948ರಲ್ಲಿ ತಮ್ಮ ಹೋಟೆಲನ್ನು ಮರುಜೋಡಿಸಿದಾಗ, 15 ಸೆಂಟಿನ ಬರ್ಗರ್ ಕೊಡಬೇಕೆಂದರೆ ಪ್ರತಿಯೊಬ್ಬರ ಇಷ್ಟ ಕೇಳುತ್ತ ಕೂರಲಾಗುತ್ತಿರಲಿಲ್ಲ. ಕೆಚಪ್, ಸಾಸಿವೆ, ಈರುಳ್ಳಿ, ಪಿಕಲ್ ಅಂತ ಎಲ್ಲರಿಗೂ ಒಂದೇ ಕಟ್ಟು. ಮುಂದೆ 1974ರಲ್ಲಿ ಬರ್ಗರ್ ಕಿಂಗ್ ಇದನ್ನೇ ಹಿಡಿದು, ನಿಮಗೆ ಬೇಕಾದಂತೆ ಮಾಡಿಕೊಡುತ್ತೇವೆ ಅಂತ ಜಾಹೀರಾತು ಮಾಡಿತು. ನಿಮ್ಮ ಅಡುಗೆಮನೆಯಲ್ಲಿ ಸಾಲು ನಿಂತ ಗಿರಾಕಿಗಳಿಲ್ಲ. ಹಾಗಾಗಿ ಮಗ ಸೊಪ್ಪು ಬೇಡ ಅಂದರೆ ಬಿಟ್ಟುಬಿಡಿ. ಚೀಸೂ ಪಿಕಲ್ಲೂ ಇರುವ ಅವನ ಬರ್ಗರ್‌ನಲ್ಲಿ ಜಿಡ್ಡೂ ಇದೆ, ಹುಳಿಯೂ ಇದೆ, ಉಪ್ಪೂ ಇದೆ; ರುಚಿಯ ಲೆಕ್ಕದಲ್ಲಿ ಅದಕ್ಕೆ ಕೊರತೆಯಿಲ್ಲ. ತರಕಾರಿಯನ್ನು ಬೇರೆ ಊಟದಲ್ಲಿ ತಿನ್ನಿಸಿ.

ಅವನ ಟರ್ಕಿ ಪ್ಯಾಟಿಗೆ ಎರಡು ಮಾತು. ಶೇಕಡ 93 ಲೀನ್ (ಕೊಬ್ಬಿಲ್ಲದ ಮಾಂಸ) ಅಂತ ಬರೆದಿರುವುದನ್ನು ಬಿಟ್ಟು 85ರದ್ದು ತನ್ನಿ. ಕೊಬ್ಬಿಲ್ಲದ ಟರ್ಕಿ, ಒಳಗೆ ಬೇಯಬೇಕಾದ 74 ಡಿಗ್ರಿ ಸೆಲ್ಸಿಯಸ್ (ನಿಮ್ಮ ಥರ್ಮಾಮೀಟರಿನಲ್ಲಿ 165) ಮುಟ್ಟುವ ಹೊತ್ತಿಗೆ ಮರದ ಪುಡಿಯಾಗಿರುತ್ತದೆ. ಉಪ್ಪನ್ನು ಖೀಮಾದೊಳಗೆ ಕಲಸಬೇಡಿ. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಒಂದಕ್ಕೊಂದು ಅಂಟಿಸುತ್ತದೆ, ಆಗ ಪ್ಯಾಟಿ ಸಾಸೇಜಿನಂತೆ ರಬ್ಬರಾಗುತ್ತದೆ. ಸಡಿಲವಾಗಿ ಉಂಡೆ ಕಟ್ಟಿ, ಚೆನ್ನಾಗಿ ಕಾದ ಕಬ್ಬಿಣದ ಹೆಂಚಿಗೆ ಎಣ್ಣೆ ಸವರಿ ಹಾಕಿ, ಕೂಡಲೇ ಸಟ್ಟುಗದಿಂದ ಒತ್ತಿ ತೆಳ್ಳಗೆ ಮಾಡಿ, ಆಮೇಲೆ ಮೇಲಿನಿಂದ ಉಪ್ಪು ಉದುರಿಸಿ. ಒತ್ತುವುದು ಮೊದಲ ಅರ್ಧ ನಿಮಿಷದಲ್ಲಿ ಮಾತ್ರ. ಆಮೇಲೆ ಒತ್ತಿದರೆ ರಸ ಹೆಂಚಿನ ಪಾಲು. ಅಂಚು ಕಂದುಬಣ್ಣಕ್ಕೆ ತಿರುಗಿ ಜಾಲರಿಯಂತಾದಾಗ ತಿರುವಿಹಾಕಿ.

ಮಗಳ ಬರ್ಗರ್‌ಗೆ ಅಡ್ಡಿ ರುಚಿಯದ್ದಲ್ಲ, ದವಡೆಯದ್ದು. ದೊಡ್ಡವರ ಬಾಯಿ ತೆರೆದರೆ ಹಲ್ಲಿನಿಂದ ಹಲ್ಲಿಗೆ ಸುಮಾರು 4-5 ಸೆಂಟಿಮೀಟರ್ ಸಿಗುತ್ತದೆ. ಬನ್ ಒತ್ತಿದ ಮೇಲೂ ಅದಕ್ಕಿಂತ ಎತ್ತರ ಉಳಿದರೆ ಆ ಬರ್ಗರನ್ನು ತಿನ್ನುವುದಲ್ಲ, ಕೆಡವುವುದು. ಬೆಂಗಳೂರಿನ ಕೆಫೆಗಳಲ್ಲಿ ಈಗ ಕಡ್ಡಿ ಚುಚ್ಚಿ ನಿಲ್ಲಿಸುವ ಗೋಪುರಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕಡ್ಡಿ ತೆಗೆದ ಮೇಲೆ ಅದು ಚೂರಿ ಚಮಚದ ತಿಂಡಿ. ಅವಳಿಗೆ ಹೀಗೆ ಹೇಳಿ: ಕರುಂ ಅನ್ನುವಂಥದ್ದು ಒಂದು, ಹುಳಿ ಒಂದು, ಜಿಡ್ಡು ಒಂದು. ಯಾವುದು ಅನ್ನುವುದು ಅವಳಿಗೆ ಬಿಟ್ಟದ್ದು. ಆಸ್ಟ್ರೇಲಿಯಾದವರು ಉಪ್ಪು-ಹುಳಿಯಲ್ಲಿ ನೆನೆದ ಬೀಟ್‌ರೂಟ್ ಬಿಲ್ಲೆ ಹಾಕುತ್ತಾರೆ, ಹುರಿದ ಮೊಟ್ಟೆಯನ್ನೂ ಅನಾನಸನ್ನೂ ಇಡುವವರಿದ್ದಾರೆ. ನ್ಯೂ ಮೆಕ್ಸಿಕೋದಲ್ಲಿ ಸುಟ್ಟು ಸಿಪ್ಪೆ ತೆಗೆದ ಹಸಿರು ಮೆಣಸಿನಕಾಯಿ ಇಲ್ಲದ ಚೀಸ್ ಬರ್ಗರ್ ಊಹಿಸಲಾರರು. ಈ ಹಸಿರು ಮೆಣಸಿನಕಾಯಿಯನ್ನು ನಿಮ್ಮ ಮನೆಯಲ್ಲಿ ಒಮ್ಮೆ ಹಾಕಿ ನೋಡಿ. ಟೆಕ್ಸಸ್‌ನಲ್ಲಿ ಹ್ಯಾಚ್ ಮೆಣಸಿನಕಾಯಿ ಬೇಸಿಗೆಯ ಕೊನೆಗೆ ಅಂಗಡಿಗಳಲ್ಲಿ ರಾಶಿ ಬೀಳುತ್ತದೆ, ಅತ್ತೆಯವರು ಅದನ್ನು ಗೊಜ್ಜು ಮಾಡದೆ ಬಿಡುವುದಿಲ್ಲ.

ಚೀಸ್‌ನಲ್ಲಿ ಒಂದು ಎಚ್ಚರ. ಕೆಲವು ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಪಾರ್ಮಿಜಾನೊ ರೆಜಾನೊ ಯಾವಾಗಲೂ ಹಾಗೆಯೇ. ಅಮೆರಿಕದಲ್ಲಿ 1990ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ, ಹಾಲನ್ನು ಹೆಪ್ಪುಗಟ್ಟಿಸುವ ಕೈಮೋಸಿನ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಬಹುಪಾಲು ಚೆಡ್ಡರ್ ಅದರಿಂದಲೇ ಆಗುತ್ತದೆ, ಆದರೆ ಪೊಟ್ಟಣದ ಮೇಲೆ ಬರೀ 'ಎನ್‌ಜೈಮ್ಸ್' ಅಂತಿದ್ದರೆ ಯಾವುದು ಅಂತ ಗೊತ್ತಾಗುವುದಿಲ್ಲ. 'ವೆಜಿಟೇರಿಯನ್' ಅಥವಾ 'ಮೈಕ್ರೋಬಿಯಲ್' ಅಂತ ಬರೆದಿರುವುದನ್ನೇ ಅತ್ತೆಯವರಿಗೆ ಹಾಕಿ. ವೂಸ್ಟರ್‌ಶೈರ್ ಸಾಸಿನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ. ಮೇಯೊನೀಸ್ ಅಂದರೆ ಮೊಟ್ಟೆ. ಎಗ್‌ಲೆಸ್ ಅಥವಾ ವೀಗನ್ ಅಂತ ಇರುವುದನ್ನು ತನ್ನಿ. ಹೆಂಚು ಅವರಿಗೆ ಬೇರೆಯೇ ಇಡಿ ಅಂತ ನಾನು ಹೇಳಬೇಕಾಗಿಲ್ಲ. ಹೊರಗೆ ಹೋದಾಗ ಮಾತ್ರ ಕೇಳಿ ತಿಳಿದುಕೊಳ್ಳಿ: ಸಸ್ಯಾಹಾರಿ ಪ್ಯಾಟಿಯನ್ನೂ ಮಾಂಸ ಬೇಯಿಸುವ ಕಡೆಯೇ ಬೇಯಿಸುವ ಹೋಟೆಲುಗಳು ಎಷ್ಟೋ ಇವೆ.

ಕರಗುವ ವಿಷಯಕ್ಕೆ ಬಂದರೆ, 'ಅಮೆರಿಕನ್ ಚೀಸ್' ಅನ್ನುವ ಆ ಕಿತ್ತಳೆ ಹಾಳೆಯನ್ನು ಮೂಗು ಮುರಿದು ಬದಿಗಿಡಬೇಡಿ. ಸೋಡಿಯಂ ಸಿಟ್ರೇಟ್‌ನಂಥ ಲವಣ ಹಾಕಿರುವುದರಿಂದ ಅದು ಕರಗಿದಾಗ ಜಿಡ್ಡು ಬೇರೆಯಾಗುವುದಿಲ್ಲ, ಪ್ಯಾಟಿಯ ಮೇಲೆ ನಯವಾಗಿ ಹಾಸಿಕೊಳ್ಳುತ್ತದೆ. ಹಳೆಯ ಚೆಡ್ಡರ್ ರುಚಿ ಹೆಚ್ಚು, ಆದರೆ ಬಿಸಿಗೆ ಎಣ್ಣೆ ಬಿಡುತ್ತದೆ. ಪನೀರ್ ಕರಗುವುದೇ ಇಲ್ಲ, ಹುಳಿ ಹಾಕಿ ಒಡೆದ ಹಾಲಿನ ಗುಣವೇ ಅದು. ಅದನ್ನು ಚೀಸಿನ ಬದಲಿಗೆ ಹಾಕದೆ, ಬೇಕಾದರೆ ಪ್ಯಾಟಿಯಾಗಿಯೇ ಹುರಿದುಕೊಳ್ಳಿ.

ಈಗ ಕೆಳಗಿನ ಬನ್ ಒದ್ದೆಯಾಗುವುದು. ನೀರು ಬರುವುದು ಟೊಮ್ಯಾಟೊ, ಚಟ್ನಿ, ಆಮೇಲೆ ತೊಳೆದು ಸರಿಯಾಗಿ ಒರೆಸದ ಲೆಟಿಸ್‌ನಿಂದ. ಟೊಮ್ಯಾಟೊವನ್ನು ಅರ್ಧ ಸೆಂಟಿಮೀಟರ್ ಬಿಲ್ಲೆ ಮಾಡಿ, ಉಪ್ಪು ಚಿಮುಕಿಸಿ, ಪೇಪರ್ ಟವೆಲ್ ಮೇಲೆ ಹತ್ತು ನಿಮಿಷ ಹರಡಿ. ಕಾಗದ ಎಷ್ಟು ನೆನೆಯಿತು ನೋಡಿದರೆ ನಿಮ್ಮ ಬನ್ನಿಗೆ ಏನಾಗುತ್ತಿತ್ತು ಅಂತ ತಿಳಿಯುತ್ತದೆ. ಈರುಳ್ಳಿ ಬಿಲ್ಲೆಗಳನ್ನು ತಣ್ಣೀರಿನಲ್ಲಿ ಅಷ್ಟೇ ಹೊತ್ತು ನೆನೆಸಿ ಒರೆಸಿದರೆ ಮೂಗಿಗೇರುವ ಘಾಟು ಹೋಗಿ ಗರಿಗರಿ ಉಳಿಯುತ್ತದೆ. ಕೊತ್ತಂಬರಿ ಚಟ್ನಿ ಹಾಕುವುದಿದ್ದರೆ ನೀರು ಸೇರಿಸದೆ ರುಬ್ಬಿ, ಒಂದು ಚಮಚ ಮೇಯೊನೀಸ್ ಅಥವಾ ಗಟ್ಟಿ ಮೊಸರಿಗೆ ಬೆರೆಸಿ ಸವರಿ.

ಎಲ್ಲಕ್ಕಿಂತ ಮುಖ್ಯ, ಬನ್ನನ್ನು ಕಾಯಿಸಿ. ಕತ್ತರಿಸಿದ ಮೈಗೆ ಅಂಚಿನವರೆಗೆ ತೆಳ್ಳಗೆ ಬೆಣ್ಣೆ ಹಚ್ಚಿ, ಹೆಂಚಿನ ಮೇಲೆ ಬೋರಲು ಹಾಕಿ, ಮಧ್ಯಮ ಉರಿ. ಮೊದಲು ಚುರ್ ಅನ್ನುವ ಸದ್ದು ಬರುತ್ತದೆ, ಅದು ಬೆಣ್ಣೆಯ ನೀರು. ಸದ್ದು ಅಡಗಿದ ಮೇಲೆ ಅರ್ಧ ನಿಮಿಷ ಕಾಯಿರಿ. ಎತ್ತಿ ನೋಡಿದರೆ ಅಂಚು ಚಿನ್ನದ ಬಣ್ಣ, ನಡುವೆ ಸ್ವಲ್ಪ ತಿಳಿ. ಉಗುರಿನಿಂದ ಗೀರಿದರೆ ಸಣ್ಣಗೆ ಕರಕರ ಅನ್ನಬೇಕು. ಆ ಕಾಗದದಷ್ಟು ತೆಳುವಾದ ಒಣ ಪದರವೇ ನೀರನ್ನು ತಡೆಯುವುದು. ಬ್ರಿಯೋಶ್ ಆದರೆ ಉರಿ ತಗ್ಗಿಸಿ, ಸಕ್ಕರೆ ಬೇಗ ಸೀಯುತ್ತದೆ. ಟೋಸ್ಟರಿನಲ್ಲಿ ಇಡಬೇಡಿ, ಅದು ಒಳಮೈಯನ್ನೂ ಹೊರಮೈಯನ್ನೂ ಎರಡನ್ನೂ ಒಣಗಿಸುತ್ತದೆ, ಕಚ್ಚಿದಾಗ ಅಂಗುಳಕ್ಕೆ ಚುಚ್ಚುತ್ತದೆ.

ಲೆಟಿಸ್ ಪ್ಯಾಟಿಯ ಕೆಳಗೋ ಮೇಲೋ ಅನ್ನುವ ಜಗಳ ಬಹಳ ಕಡೆ ಇದೆ. ನನ್ನ ಮಟ್ಟಿಗೆ ಇದು ರಸ ಬಿಡುವ ಪ್ಯಾಟಿಯೋ ಅಲ್ಲವೋ ಅನ್ನುವುದರ ಮೇಲೆ ನಿಂತಿದೆ. ಟರ್ಕಿಯೋ ಚಿಕನ್ನೋ ಆದರೆ ಎಲೆಯನ್ನು ಕೆಳಗೆ ಹಾಸಿ, ಸುರಿಯುವ ರಸವನ್ನು ಅದು ತಡೆಯುತ್ತದೆ. ಆಲೂಗಡ್ಡೆ ರಸ ಬಿಡುವುದಿಲ್ಲ, ಬರೀ ಬಿಸಿ ಬಿಡುತ್ತದೆ, ಕೆಳಗಿಟ್ಟ ಎಲೆ ಬಾಡಿ ಮುದ್ದೆಯಾಗುತ್ತದೆ. ಅದಕ್ಕೆ ಎಲೆ ಮೇಲಿರಲಿ. ಚೀಸ್ ಯಾವಾಗಲೂ ಪ್ಯಾಟಿಗೆ ಅಂಟಿಕೊಂಡು, ಪಿಕಲ್ ಚೀಸಿಗೆ ಅಂಟಿಕೊಂಡು. ಟೊಮ್ಯಾಟೊ ಎಲ್ಲಿಟ್ಟರೂ ಬನ್ನಿಗೆ ನೇರವಾಗಿ ತಾಗಬಾರದು.

ಅತ್ತೆಯವರ ಪ್ಯಾಟಿಯನ್ನು ಈಗ ಸರಿಮಾಡೋಣ. ಆಲೂಗಡ್ಡೆಯನ್ನು ಹೆಚ್ಚಿ ಬೇಯಿಸಿದರೆ ನೀರು ಕುಡಿಯುತ್ತದೆ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ಪೂರ್ತಿ ತಣ್ಣಗಾದ ಮೇಲೆ ತುರಿಯಿರಿ. ಬಿಸಿಬಿಸಿ ಇರುವಾಗ ಕಿವುಚಿದಷ್ಟೂ ಪಿಷ್ಟ ಹೊರಬಂದು ಅಂಟಂಟಾಗುತ್ತದೆ. ಅರ್ಧ ಕಿಲೋ ತುರಿಗೆ ಮೂರು ದೊಡ್ಡ ಚಮಚ ಹುರಿಗಡಲೆ ಹಿಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಶುಂಠಿ, ಉಪ್ಪು, ನಿಂಬೆಹುಳಿ. ಬ್ರೆಡ್ ಪುಡಿಗಿಂತ ಹುರಿಗಡಲೆ ವಾಸಿ. ನೀರನ್ನು ಹೀರುತ್ತದೆ, ತನ್ನದೇ ಪರಿಮಳ ಕೊಡುತ್ತದೆ. ಬಟಾಣಿ ಹಾಕಿದರೆ ಬೇಯಿಸಿ ಒರೆಸಿ ಹಾಕಿ. ಬನ್ನಿನಷ್ಟೇ ಅಗಲ ತಟ್ಟಿ, ದಪ್ಪ ಅರ್ಧ ಇಂಚು ಸಾಕು. ಮಾಂಸದ ಪ್ಯಾಟಿ ಬೆಂದಾಗ ಕುಗ್ಗುವುದರಿಂದ ಅದನ್ನು ಬನ್ನಿಗಿಂತ ಅಗಲ ತಟ್ಟಬೇಕು, ಆಲೂಗಡ್ಡೆ ಕುಗ್ಗುವುದಿಲ್ಲ. ತಟ್ಟಿದ ಮೇಲೆ ಒಂದು ಗಂಟೆ ಫ್ರಿಜ್‌ನಲ್ಲಿಡಿ, ಆ ತಂಪಿಗೆ ಪಿಷ್ಟ ಬಿಗಿದುಕೊಳ್ಳುತ್ತದೆ. ಆಮೇಲೆ ಚಿರೋಟಿ ರವೆಯಲ್ಲಿ ಹೊರಳಿಸಿ, ಎರಡು ಚಮಚ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿಯಿರಿ. ರವೆಯ ಹೊರಪದರ ಹಲ್ಲಿಗೆ ಸ್ವಲ್ಪ ತಡೆ ಕೊಡುತ್ತದೆ, ಒಳಗಿನದು ಜಾರುವ ಮೊದಲೇ ಕತ್ತರಿಸಿಕೊಳ್ಳುತ್ತದೆ.

ಟಾಪಿಂಗ್ ಅವರಿಗೆ ನಾನು ಹೇಳುವುದು ಹೀಗೆ: ಕೆಳಗೆ ಸಾಸಿವೆ ಬೆರೆಸಿದ ಎಗ್‌ಲೆಸ್ ಮೇಯೊನೀಸ್, ಪ್ಯಾಟಿ, ಅದರ ಮೇಲೆ ನಿಂಬೆರಸ ಹಿಂಡಿದ ಈರುಳ್ಳಿ, ಒಂದು ಹಿಡಿ ಕಾಂಗ್ರೆಸ್ ಕಡಲೆಬೀಜ. ಬೆಂಗಳೂರಿನ ವಿ.ವಿ. ಪುರದಲ್ಲಿ ಬೆಣ್ಣೆ ಹಚ್ಚಿದ ಬನ್ನಿಗೆ ಕಾಂಗ್ರೆಸ್ ಕಡಲೆಬೀಜ ತುಂಬಿ ಕೊಡುವುದನ್ನು ಅವರು ತಿಂದಿದ್ದರೆ ವಿವರಿಸುವ ಅಗತ್ಯವೇ ಇಲ್ಲ. ಖಾರ, ಇಂಗು, ಕರಿಬೇವು, ಕರುಂಕರುಂ, ಆಲೂಗಡ್ಡೆಯಲ್ಲಿ ಇಲ್ಲದ್ದೆಲ್ಲ ಅದರಲ್ಲಿದೆ. ಬೀಜ ಉದುರದಂತೆ ಈರುಳ್ಳಿಯ ಮೇಲೆ ಒತ್ತಿ ಕೂರಿಸಿ. ಕೆಚಪ್ ಬೇಡ. ಮಾವಿನ ಉಪ್ಪಿನಕಾಯಿಯನ್ನು ಹಾಗೇ ಇಡುವುದೂ ಬೇಡ, ಎಣ್ಣೆ ಬನ್ನಿಗಿಳಿಯುತ್ತದೆ. ರಸವನ್ನು ಮಾತ್ರ ಮೇಯೊನೀಸಿಗೆ ಬೆರೆಸಿಕೊಳ್ಳಬಹುದು.

ಬನ್ ಮನೆಯಲ್ಲೇ ಮಾಡುವ ಉತ್ಸಾಹ ಇದ್ದರೆ, ಮೊಟ್ಟೆಯಿಲ್ಲದೆ ಪೊಟ್ಯಾಟೊ ಬನ್ನಿನಷ್ಟೇ ಮೆದುವಾದದ್ದು ಆಗುತ್ತದೆ. ಒಟ್ಟು 500 ಗ್ರಾಂ ಬ್ರೆಡ್ ಫ್ಲೋರ್ ತೆಗೆದುಕೊಳ್ಳಿ. ಅದರಲ್ಲಿ 25 ಗ್ರಾಂ ತೆಗೆದು 125 ಗ್ರಾಂ ನೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಮಣ್ಣಿಯ ಹದಕ್ಕೆ ಕಾಯಿಸಿ. 65 ಡಿಗ್ರಿ ಸೆಲ್ಸಿಯಸ್ ಸಾಕು, ಕುದಿಸಬೇಡಿ. ಹೀಗೆ ಬೆಂದ ಪಿಷ್ಟ ತನ್ನ ತೂಕಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಹಿಡಿದುಕೊಂಡು ಬನ್ನಿನಲ್ಲಿ ಕೊನೆಯವರೆಗೂ ಉಳಿಸುತ್ತದೆ. ಜಪಾನಿನ ಹಾಲಿನ ಬ್ರೆಡ್ಡಿನ ಮೆದುತನಕ್ಕೆ ಇಂಥದ್ದೇ ಉಪಾಯ ಕಾರಣ. ಮಣ್ಣಿ ತಣಿದ ಮೇಲೆ ಉಳಿದ 475 ಗ್ರಾಂ ಹಿಟ್ಟು, 230 ಗ್ರಾಂ ಉಗುರುಬೆಚ್ಚಗಿನ ಹಾಲು, 35 ಗ್ರಾಂ ಸಕ್ಕರೆ, 9 ಗ್ರಾಂ ಉಪ್ಪು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಸೇರಿಸಿ ನಾದಿ. ಹಿಟ್ಟು ಒಂದು ಹದಕ್ಕೆ ಬಂದ ಮೇಲೆ 45 ಗ್ರಾಂ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಮೊದಲು ಕೈಗೆ ಅಂಟುತ್ತದೆ, ಹೆದರಿ ಒಣ ಹಿಟ್ಟು ಸುರಿಯಬೇಡಿ. ಎರಡು ಬೆರಳ ನಡುವೆ ಎಳೆದರೆ ಹರಿಯದೆ ಬೆಳಕು ಕಾಣುವಷ್ಟು ತೆಳುವಾಗಬೇಕು, ಅಲ್ಲಿಯವರೆಗೆ ನಾದಿ.

ಇಮ್ಮಡಿ ಉಬ್ಬಿದ ಮೇಲೆ ಹನ್ನೆರಡು ಉಂಡೆ ಮಾಡಿ, ಒಂದೊಂದು 78 ಗ್ರಾಂನಷ್ಟು ಬರುತ್ತದೆ. ಕಾಲು ಗಂಟೆ ಬಿಟ್ಟು ಅಂಗೈಯಿಂದ ಒತ್ತಿ ಮೂರೂವರೆ ಇಂಚಿಗೆ ಅಗಲಿಸಿ. ಈ ಒತ್ತುವ ಕೆಲಸ ಬಿಟ್ಟರೆ ಬನ್ ಗುಮ್ಮಟದಂತೆ ಎದ್ದು ಪ್ಯಾಟಿ ನಿಲ್ಲುವುದಿಲ್ಲ. ಮತ್ತೆ ಉಬ್ಬಿದ ಮೇಲೆ ಹಾಲು ಸವರಿ, ಬೇಕಾದರೆ ಎಳ್ಳು ಉದುರಿಸಿ, 190 ಡಿಗ್ರಿಯಲ್ಲಿ (ನಿಮ್ಮ ಓವನ್‌ನಲ್ಲಿ 375) ಹದಿನೈದರಿಂದ ಹದಿನೇಳು ನಿಮಿಷ ಬೇಯಿಸಿ. ಹೊರತೆಗೆದ ಕೂಡಲೇ ಬೆಣ್ಣೆ ಸವರಿ, ತೆಳು ಬಟ್ಟೆ ಹೊದಿಸಿ ಆರಲು ಬಿಡಿ. ಆ ಹಬೆಗೆ ಹೊರಮೈ ಮೆತ್ತಗಾಗುತ್ತದೆ. ಬಿಸಿ ಇರುವಾಗ ಕತ್ತರಿಸಬೇಡಿ.

ಕೊನೆಗೆ ಫ್ರಿಜ್. ಬನ್ ಗಟ್ಟಿಯಾಗುವುದು ಬರೀ ಒಣಗುವುದರಿಂದಲ್ಲ. ಬೇಯುವಾಗ ನೀರು ಕುಡಿದು ಸಡಿಲವಾಗಿದ್ದ ಪಿಷ್ಟ, ತಣ್ಣಗಾದ ಮೇಲೆ ಮತ್ತೆ ಸಾಲುಗಟ್ಟಿ ಬಿಗಿಯುತ್ತದೆ. ಈ ಕೆಲಸ ಅತಿ ಚುರುಕಾಗಿ ನಡೆಯುವುದು ಸರಿಯಾಗಿ ನಿಮ್ಮ ಫ್ರಿಜ್‌ನ ತಂಪಿನಲ್ಲೇ. ಆಲೂಗಡ್ಡೆ ಪ್ಯಾಟಿಯನ್ನು ಬಿಗಿಸಲು ನಮಗೆ ಬೇಕಾಗಿದ್ದ ಗುಣವೇ ಬನ್ನಿಗೆ ಶತ್ರು. ಎರಡು ದಿನಕ್ಕಾಗುವಷ್ಟನ್ನು ಡಬ್ಬಿಯಲ್ಲಿ ಮುಚ್ಚಿ ಹೊರಗೇ ಇಡಿ. ಉಳಿದದ್ದನ್ನು ಕೊಂಡ ದಿನವೇ ಅಡ್ಡಕ್ಕೆ ಸೀಳಿ, ಗಾಳಿಯಾಡದ ಚೀಲದಲ್ಲಿ ಫ್ರೀಜರಿಗೆ ಹಾಕಿ. ಅಲ್ಲಿ ಆ ಬಿಗಿಯುವಿಕೆ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಬೇಕಾದಾಗ ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು, ಬೆಣ್ಣೆ ಹಚ್ಚಿ ನೇರವಾಗಿ ಹೆಂಚಿಗೆ ಹಾಕಿ. ಈಗಾಗಲೇ ಫ್ರಿಜ್‌ನಲ್ಲಿ ಗಟ್ಟಿಯಾಗಿರುವ ಬನ್ನುಗಳನ್ನು ಎಸೆಯಬೇಡಿ. ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ ಒಂದು ನಿಮಿಷ ಹಬೆ ಕೊಟ್ಟರೆ ಮೆತ್ತಗಾಗುತ್ತವೆ, ಆದರೆ ಆರಿದರೆ ಮೊದಲಿಗಿಂತ ಗಟ್ಟಿ. ಆದ್ದರಿಂದ ಎಲ್ಲರನ್ನೂ ಊಟದ ಮೇಜಿಗೆ ಕರೆದ ಮೇಲೆಯೇ ಹಬೆಗಿಡಿ.